ಮೊದಲು ಲ್ಯಾಬಿನ ಬೀಗ ತೆಗೆಯಿರಿ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಸಿಗುತ್ತದೆ. ತೊಗರಿ ಹೊಲಗಳ ನಡುವೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ನಿಂತಿವೆ. 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಇದು. ಆ ಹೊಲಗಳಲ್ಲಿ ಕಳೆ ಕೀಳುವ ತಾಯಿಯ ಮಗಳು ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಲಾ ವಿಭಾಗ ಓದಿ, ಕನ್ನಡದಲ್ಲೇ ಪರೀಕ್ಷೆ ಬರೆದು, ತೊಂಬತ್ತು ಪರ್ಸೆಂಟ್ ತೆಗೆದಳು ಎಂದಿಟ್ಟುಕೊಳ್ಳಿ. ಆ ಅಂಕ ಹಿಡಿದುಕೊಂಡು ತನ್ನ ಊರ ಪಕ್ಕದ ಈ ವಿಶ್ವವಿದ್ಯಾಲಯಕ್ಕೆ ಹೋದರೆ ಅವಳಿಗೆ ಬಿ.ಎ. ಸೀಟು ಸಿಗುವುದಿಲ್ಲ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗೆ ಸಿಯುಇಟಿ ಎಂಬ ಪರೀಕ್ಷೆ ಕಡ್ಡಾಯವಾಗಿದೆ. ಪಿಯುಸಿ ಅಂಕ ಅರ್ಜಿ ಹಾಕುವ ಯೋಗ್ಯತೆಗಷ್ಟೇ ಸಾಕು, ಸೀಟಿನ ಲೆಕ್ಕಕ್ಕಿಲ್ಲ. ಎರಡು ವರ್ಷ ಅವಳಿಗೆ ಪಾಠ ಹೇಳಿದ ಉಪನ್ಯಾಸಕರ ಮಾತಿಗೂ, ಅವಳು ತುಂಬಿಸಿದ ಉತ್ತರಪತ್ರಿಕೆಗಳಿಗೂ ಇಷ್ಟೇ ಬೆಲೆ. ಅವಳ ಭವಿಷ್ಯ ನಿರ್ಧಾರವಾಗುವುದು ಒಂದು ಪರದೆಯ ಮೇಲೆ, ಒಂದು ಮೌಸ್‌ನಿಂದ, ವಿಷಯಕ್ಕೆ ಅರವತ್ತು ನಿಮಿಷದಲ್ಲಿ.

ನನ್ನ ಸಿಟ್ಟು ಕಂಪ್ಯೂಟರಿನ ಮೇಲಲ್ಲ. ಆ ಯಂತ್ರ ಅವಳ ಕೈಗೂ ಬರಲಿ ಎಂದೇ ಈ ಬರಹ. ಮಗು ಕಾಲೇಜಿಗೆ ಸಿದ್ಧವಾಗಿದೆಯೇ ಎಂದು ಅಳೆಯಲು ಹೊರಟ ಸರ್ಕಾರಗಳು, ಆ ಮಗುವನ್ನು ಸಿದ್ಧ ಮಾಡುವ ತಮ್ಮ ಪಾಲಿನ ಕೆಲಸ ಮುಗಿಸಿದ್ದೇವೆಯೇ ಎಂಬ ಲೆಕ್ಕವನ್ನು ಯಾರಿಗೂ ಒಪ್ಪಿಸಿಲ್ಲ. ದೆಹಲಿಯೂ ಒಪ್ಪಿಸಿಲ್ಲ, ಬೆಂಗಳೂರೂ ಒಪ್ಪಿಸಿಲ್ಲ. ಪರೀಕ್ಷೆ ಬರೆಯುವವಳಿಗೆ ಮಾತ್ರ ನೆಗೆಟಿವ್ ಮಾರ್ಕು.

ಆ ಅರವತ್ತು ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ಮಂತ್ರಿಗಳು ಒಮ್ಮೆ ಕೂತು ನೋಡಬೇಕು. ಐವತ್ತು ಪ್ರಶ್ನೆ. ಸರಿಗೆ ಐದು ಅಂಕ, ತಪ್ಪಿಗೆ ಒಂದು ಕಡಿತ. ಪರದೆಯ ಬಲಬದಿಯಲ್ಲಿ ಪ್ರಶ್ನೆ ಸಂಖ್ಯೆಗಳ ಚೌಕಗಳು: ಉತ್ತರಿಸಿದ್ದು ಹಸಿರು, ನೋಡಿ ಬಿಟ್ಟದ್ದು ಕೆಂಪು, ಮತ್ತೆ ನೋಡೋಣ ಎಂದು ಗುರುತು ಹಾಕಿದ್ದು ನೇರಳೆ. ಮೇಲೆ ಗಡಿಯಾರ ಸೆಕೆಂಡ್ ಸೆಕೆಂಡಿಗೂ ಇಳಿಯುತ್ತಿರುತ್ತದೆ. ಉತ್ತರ ಆರಿಸಿದರೆ ಸಾಲದು, ‘ಸೇವ್ ಅಂಡ್ ನೆಕ್ಸ್ಟ್’ ಒತ್ತಬೇಕು. ಒತ್ತದೆ ಬೇರೆ ಪ್ರಶ್ನೆಯ ಸಂಖ್ಯೆ ಮುಟ್ಟಿದರೆ ಆರಿಸಿದ ಉತ್ತರ ಉಳಿಯುವುದಿಲ್ಲ. ಕೀಬೋರ್ಡ್ ಮುಟ್ಟುವಂತಿಲ್ಲ. ಗದ್ಯಭಾಗ ಓದಲು ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಿರಬೇಕು. ಪುಸ್ತಕದಲ್ಲಿ ಮಾಡುವಂತೆ ಪೆನ್ಸಿಲಿನಲ್ಲಿ ಸಾಲಿನ ಕೆಳಗೆ ಗೆರೆ ಎಳೆದುಕೊಂಡು ಓದಲಾಗದು. ಇದು ಕಷ್ಟದ ವಿದ್ಯೆಯಲ್ಲ. ವಾರಕ್ಕೆ ಎರಡು ತಾಸಿನಂತೆ ಮೂರು ತಿಂಗಳು ಕೂರಿಸಿದರೆ ಯಾವ ಹಳ್ಳಿಯ ಮಗುವಾದರೂ ಕಲಿಯುತ್ತದೆ. ಇಷ್ಟು ಸುಲಭದ್ದನ್ನು ಕಲಿಸದೆ ಬಿಟ್ಟಿದ್ದಾರಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಮೊಬೈಲ್ ಇದೆಯಲ್ಲ, ಈಗಿನ ಮಕ್ಕಳಿಗೆ ಎಲ್ಲ ಗೊತ್ತು ಎನ್ನುವ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. 2023ರ ಅಸರ್ ಸಮೀಕ್ಷೆ ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನ ಮಕ್ಕಳನ್ನೇ ನೇರವಾಗಿ ಕೇಳಿತು. ಸ್ಮಾರ್ಟ್‌ಫೋನ್ ಬಳಸಲು ಬಹುತೇಕ ಎಲ್ಲರಿಗೂ ಬರುತ್ತದೆ. ಆದರೆ ಬಳಸಬಲ್ಲ ಹುಡುಗರಲ್ಲಿ 43.7 ಪರ್ಸೆಂಟ್ ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ 19.8 ಪರ್ಸೆಂಟ್ ಮಂದಿಗೆ ಮಾತ್ರ. ಕಂಪ್ಯೂಟರ್ ಇದ್ದದ್ದು ಸುಮಾರು 9 ಪರ್ಸೆಂಟ್ ಮನೆಗಳಲ್ಲಿ. ಕಂಪ್ಯೂಟರ್ ಇರುವ ಮನೆಯ ಮಕ್ಕಳಲ್ಲಿ 85 ಪರ್ಸೆಂಟ್ ಮಂದಿಗೆ ಅದನ್ನು ಬಳಸಲು ಬರುತ್ತದೆ. ಇಲ್ಲದ ಮನೆಯ ಮಕ್ಕಳಲ್ಲಿ 34ರ ಆಸುಪಾಸು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಮಗುವಿನ ಬುದ್ಧಿ ಸೃಷ್ಟಿಸಿದ್ದಲ್ಲ. ಅಪ್ಪನ ಆದಾಯ ಸೃಷ್ಟಿಸಿದ್ದು. ಇದನ್ನು ತುಂಬಬೇಕಾದ ಜಾಗ ಒಂದೇ, ಸರ್ಕಾರಿ ಕಾಲೇಜು.

ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಕತೆ ಹೇಳುತ್ತೇನೆ. ನಮ್ಮ ಸೀಮೆಯ ಒಂದು ಸರ್ಕಾರಿ ಪಿಯು ಕಾಲೇಜಿಗೆ ಭಾಷಣಕ್ಕೆಂದು ಹೋಗಿದ್ದೆ. ಲ್ಯಾಬಿನ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಪ್ಲಾಸ್ಟಿಕ್ ಹೊದಿಕೆ ಹೊದ್ದ ಮಾನಿಟರುಗಳ ಸಾಲು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಹೊಸದಕ್ಕೆ ಪತ್ರ ಬರೆದಿದ್ದಾರಂತೆ, ಉತ್ತರವಿಲ್ಲ. ಏನಾದರೂ ಕೆಟ್ಟರೆ ಆಡಿಟ್‌ನಲ್ಲಿ ತಮ್ಮ ತಲೆಗೆ ಬರುತ್ತದೆ ಎಂಬ ಹೆದರಿಕೆ ಪ್ರಾಂಶುಪಾಲರಿಗೆ. ಅತಿಥಿ ಉಪನ್ಯಾಸಕರು ಗೌರವಧನಕ್ಕೆ ಕಾಯುತ್ತಿದ್ದರು. ಕಲಾ ವಿಭಾಗದ ಮಕ್ಕಳನ್ನು ಕೇಳಿದೆ: ಒಳಗೆ ಹೋಗಿದ್ದೀರೇನ್ರೋ? ಒಬ್ಬ ಹುಡುಗ ಎದ್ದು ನಿಂತು, ‘ಅದು ಸೈನ್ಸ್‌ನವರಿಗ್ರೀ ಸರ್’ ಎಂದ. ಆ ಹುಡುಗನ ದನಿಯಲ್ಲಿ ದೂರು ಇರಲಿಲ್ಲ. ತನಗೆ ಸಲ್ಲಬೇಕಾದ್ದನ್ನು ಯಾರೋ ಬೀಗ ಹಾಕಿ ಇಟ್ಟಿದ್ದಾರೆ ಎಂಬ ಅರಿವೇ ಅವನಿಗೆ ಬಾರದಂತೆ ಈ ವ್ಯವಸ್ಥೆ ಅವನನ್ನು ಬೆಳೆಸಿದೆ. ನಮ್ಮ ಅಪ್ಪಂದಿರನ್ನು ಗುಡಿಯ ಹೊಸ್ತಿಲಾಚೆ ನಿಲ್ಲಿಸಿದ್ದವರು ಕೂಡ ಇದೇ ತರ ಅಭ್ಯಾಸ ಮಾಡಿಸಿದ್ದರು.

ಇತ್ತ ಮಂಗಳೂರು, ಮೂಡುಬಿದಿರೆ, ಬೆಂಗಳೂರಿನ ಇಂಟಿಗ್ರೇಟೆಡ್ ಕಾಲೇಜುಗಳಲ್ಲಿ ಪ್ರಥಮ ಪಿಯುಸಿಯಿಂದಲೇ ಮಾಕ್ ಟೆಸ್ಟ್ ನಡೆಯುತ್ತವೆ. ನಿಜವಾದ ಪರೀಕ್ಷೆಯದೇ ಪರದೆ, ಅದೇ ಗಡಿಯಾರ, ಅದೇ ಬಣ್ಣದ ಚೌಕಗಳು. ಯಾವ ಪ್ರಶ್ನೆಗೆ ಎಷ್ಟು ಸೆಕೆಂಡ್ ಕಳೆದೆ, ಎಲ್ಲಿ ಬಿಡಬೇಕಿತ್ತು ಎಂಬ ವಿಶ್ಲೇಷಣೆಯ ಹಾಳೆ ಟೆಸ್ಟ್ ಮುಗಿದ ಕೂಡಲೇ ಕೈಗೆ ಬರುತ್ತದೆ. ಅದಕ್ಕೆ ಲಕ್ಷಗಟ್ಟಲೆ ಫೀಸು. ಹೊಲ ಮಾರಿ, ಚಿನ್ನ ಅಡವಿಟ್ಟು ಕಟ್ಟುವವರೂ ಇದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಅವರೂ ಇದೇ ಗಾಣಕ್ಕೆ ಸಿಕ್ಕವರು. ಕೋಚಿಂಗ್ ಬಿಲ್ಲಿನ ಮೇಲೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ವಸೂಲಿ ಮಾಡುವ ಸರ್ಕಾರಕ್ಕೆ ಈ ವ್ಯಾಪಾರ ಎಷ್ಟು ದೊಡ್ಡದೆಂದು ಚೆನ್ನಾಗಿ ಗೊತ್ತಿದೆ.

ಸರ್ಕಾರಕ್ಕೆ ಪರಿಹಾರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಈ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಎಲ್ಲರೂ ಎನ್‌ಟಿಎ ಎನ್ನುವುದು, 2017ರಲ್ಲಿ ರೂಪುಗೊಂಡಿತು. ಅದರ ಮರುವರ್ಷವೇ ದೇಶದ ಉದ್ದಗಲಕ್ಕೂ ಅಭ್ಯಾಸ ಕೇಂದ್ರಗಳನ್ನು ಶುರು ಮಾಡಿದರು. ಶನಿವಾರ, ಭಾನುವಾರ ಹಳ್ಳಿಯ ಮಕ್ಕಳು ಹೋಗಿ ಕಂಪ್ಯೂಟರಿನ ಮುಂದೆ ಕೂತು ಪುಕ್ಕಟೆಯಾಗಿ ಪರೀಕ್ಷೆ ಬರೆದು ನೋಡಬಹುದು ಎಂಬ ಏರ್ಪಾಡು. ಇದು ಒಳ್ಳೆಯ ಯೋಚನೆ, ಹೊಗಳುತ್ತೇನೆ. 2020ರಲ್ಲಿ ಕೊರೊನಾ ಬಂತು, ಕೇಂದ್ರಗಳು ಮುಚ್ಚಿದವು, ಅವುಗಳ ಜಾಗಕ್ಕೆ ಎನ್‌ಟಿಎ ‘ಅಭ್ಯಾಸ್’ ಎಂಬ ಮೊಬೈಲ್ ಆಪ್ ತಂದಿತು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ. ಅಂಗೈಯಗಲದ ಫೋನಿನ ಮೇಲೆ ಬೆರಳಾಡಿಸಿ ಕಲಿತದ್ದು ಮೌಸ್ ಹಿಡಿಯುವ ಕೈಗೆ ಹೇಗೆ ಬರಬೇಕು? ಅಣ್ಣನ ಫೋನು ರಾತ್ರಿ ಒಂಬತ್ತರ ಮೇಲೆ ಅರ್ಧ ತಾಸು ಸಿಗುವ ಹುಡುಗಿ ಯಾವಾಗ ಅಭ್ಯಾಸ ಮಾಡಬೇಕು? ಕೇಂದ್ರವೆಂದರೆ ಕಟ್ಟಡ ಬೇಕು, ಕರೆಂಟು ಬೇಕು, ಮನುಷ್ಯರು ಬೇಕು. ಆಪ್‌ಗೆ ಇವೇನೂ ಬೇಡ. ಡೌನ್‌ಲೋಡ್ ಲೆಕ್ಕ ತೋರಿಸಿದರೆ ಸರ್ಕಾರದ ಕೆಲಸ ಮುಗಿಯಿತು.

ಭಾಷೆಯ ವಿಷಯಕ್ಕೆ ಬಂದರಂತೂ ನನಗೆ ತಡೆದುಕೊಳ್ಳಲಾಗುವುದಿಲ್ಲ. ಸುರತ್ಕಲ್ಲಿನ ಎನ್‌ಐಟಿ ಇರುವುದು ನಮ್ಮ ಕಡಲ ದಂಡೆಯಲ್ಲಿ. ಅದರ ಬಾಗಿಲಾದ ಜೆಇಇ ಮೇನ್ ಪರೀಕ್ಷೆ ವರ್ಷಗಟ್ಟಲೆ ಇಂಗ್ಲಿಷ್, ಹಿಂದಿ ಮತ್ತು ಗುಜರಾತಿಯಲ್ಲಿ ಮಾತ್ರ ನಡೆಯಿತು. ಗುಜರಾತ್ ಸರ್ಕಾರ ಕೇಳಿತ್ತು, ಅದಕ್ಕೆ ಸಿಕ್ಕಿತು. ನಮ್ಮವರು ಕೇಳಲಿಲ್ಲ. ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ. ಸಿಕ್ಕಿದ್ದಾದರೂ ಯಾವ ಷರತ್ತಿನ ಮೇಲೆ? ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂದು ಮಾಹಿತಿ ಪುಸ್ತಕದಲ್ಲೇ ಬರೆದಿದ್ದಾರೆ. ಕನ್ನಡಕ್ಕೆ ತಪ್ಪಾಗಿ ತಂದವರು ಅವರು, ಅಂಕ ಕಳೆದುಕೊಳ್ಳುವವಳು ಕನ್ನಡದಲ್ಲಿ ಓದಿದವಳು. ಜೊತೆಗೆ ಜೆಇಇಯ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ, ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಕಲಿತು ಬಂದವರು ತಮ್ಮ ಜಿಲ್ಲೆಯಲ್ಲಿ ಕೂತು ಕನ್ನಡ ಪ್ರಶ್ನೆಪತ್ರಿಕೆ ಕೇಳುವಂತಿಲ್ಲ. ಇಂಗ್ಲಿಷ್ ಮತ್ತು ಹಿಂದಿಗೆ ಇಡೀ ದೇಶ ಒಂದೇ ಊರು. ಕನ್ನಡಕ್ಕೆ ಗಡಿಯ ಗೇಟು.

ಇನ್ನು ಪಠ್ಯ. ಸಿಯುಇಟಿಯ ವಿಷಯ ಪರೀಕ್ಷೆಗಳು ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿ ಪಠ್ಯದ ಮೇಲೆ ನಿಂತಿವೆ. ನಮ್ಮ ದ್ವಿತೀಯ ಪಿಯುಸಿ ಇತಿಹಾಸಕ್ಕೆ ರಾಜ್ಯದ್ದೇ ಬೇರೆ ಪುಸ್ತಕವಿದೆ. ಎನ್‌ಸಿಇಆರ್‌ಟಿ ತನ್ನ ಇತಿಹಾಸ ಪುಸ್ತಕವನ್ನು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಕೊಡುತ್ತದೆ. ಆ ಪುಸ್ತಕದಲ್ಲಿ ವಿಜಯನಗರದ ರಾಜಧಾನಿ ಹಂಪಿಯ ಬಗ್ಗೆಯೇ ಒಂದು ಇಡೀ ಅಧ್ಯಾಯವಿದೆ. ಹೊಸಪೇಟೆಯ ಹುಡುಗಿ, ಹಂಪಿಯ ಕಲ್ಲುಗಳ ಮೇಲೆ ಆಡಿ ಬೆಳೆದವಳು, ಆ ಅಧ್ಯಾಯವನ್ನು ತನ್ನ ಭಾಷೆಯಲ್ಲಿ ಓದಲಾರಳು. ಆದರೆ ಅದರ ಮೇಲಿನ ಪ್ರಶ್ನೆ ಮಾತ್ರ ಕನ್ನಡದಲ್ಲಿ ಅವಳ ಪರದೆಗೆ ಬರುತ್ತದೆ, ತಪ್ಪಿದರೆ ಒಂದು ಅಂಕ ಕಡಿತ. ಪುಸ್ತಕ ಕೊಡದೆ ಪ್ರಶ್ನೆ ಕೇಳುವುದನ್ನು ನಮ್ಮೂರಿನ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಕೂಡ ಮಾಡುವುದಿಲ್ಲ. ಅದನ್ನು ಒಂದು ರಾಷ್ಟ್ರೀಯ ಸಂಸ್ಥೆ ಮಾಡುತ್ತಿದೆ, ನಮ್ಮ ಪಿಯು ಇಲಾಖೆ ನೋಡುತ್ತಾ ಕೂತಿದೆ. ಆ ಪುಸ್ತಕಗಳನ್ನು ಕನ್ನಡಕ್ಕೆ ತರಿಸಲು ಬೇಕಾದ್ದು ಒಂದು ಸಮಿತಿ, ಒಂದು ವರ್ಷ ಮತ್ತು ಒಂದು ಮೇಲ್ಸೇತುವೆಗೆ ಖರ್ಚು ಮಾಡುವುದರ ಸಣ್ಣ ಚೂರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದುವವರು ಯಾರ ಮಕ್ಕಳು ಎಂದು ಯಾವುದೇ ಸರ್ಕಾರಿ ಕಾಲೇಜಿನ ಹಾಜರಿ ಪುಸ್ತಕ ತೆರೆದು ನೋಡಿ. ದಲಿತರ ಮಕ್ಕಳು, ಹಿಂದುಳಿದವರ ಮಕ್ಕಳು, ಮುಸ್ಲಿಮರ ಹೆಣ್ಣುಮಕ್ಕಳು. ಈ ಉದಾಸೀನ ಎಲ್ಲಿಂದ ಬಂತು ಎಂಬುದು ಆ ಹೆಸರುಗಳಲ್ಲೇ ಇದೆ.

ಅಳೆಯುವವರ ಸಿದ್ಧತೆ ಎಂಥದ್ದು? ಸಿಯುಇಟಿಯ ಮೊದಲ ವರ್ಷ, 2022ರ ಆಗಸ್ಟ್ 4ರಂದು, ಮಧ್ಯಾಹ್ನದ ಪಾಳಿ ದೇಶದ 489 ಕೇಂದ್ರಗಳಲ್ಲೂ ನಡೆಯಲಿಲ್ಲ. ಪ್ರಶ್ನೆಪತ್ರಿಕೆ ಕೇಂದ್ರದ ಕಂಪ್ಯೂಟರಿಗೆ ತಲುಪಿದ್ದೇ ಸಂಜೆ ಐದರ ಮೇಲೆ. 2024ರಲ್ಲಿ ಜೂನ್ 30ಕ್ಕೆ ಬರಬೇಕಿದ್ದ ಫಲಿತಾಂಶ ಜುಲೈ 28ಕ್ಕೆ ಬಂತು. ಅಷ್ಟರೊಳಗೆ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಮರುಪರೀಕ್ಷೆ. ಗೇಟು ಮುಚ್ಚಿದ ಮೇಲೆ ಒಂದು ನಿಮಿಷ ತಡವಾಗಿ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಸಂಸ್ಥೆ ತಾನು ಒಂದು ತಿಂಗಳು ತಡಮಾಡಿದ್ದಕ್ಕೆ ಯಾರ ಅಂಕ ಕಳೆಯಿತು? ಆ ತಿಂಗಳಲ್ಲಿ ಉಳ್ಳವರ ಮಕ್ಕಳು ಖಾಸಗಿ ಕಾಲೇಜಿಗೆ ಸೇರಿದರು. ಇಲ್ಲದವರ ಮಕ್ಕಳು ಕಾದರು, ಇಲ್ಲವೇ ಕೂಲಿಗೆ ಹೋದರು.

ಬೆಳಗಿನ ಪಾಳಿ ಬಿದ್ದರೆ ಅಫಜಲಪುರದ ಹಳ್ಳಿಯ ಹುಡುಗಿ ಹಿಂದಿನ ಸಂಜೆಯೇ ಕಲಬುರಗಿಗೆ ಬರಬೇಕು. ಶಕ್ತಿ ಯೋಜನೆಯಿಂದ ಅವಳ ಬಸ್ ಟಿಕೆಟ್ ಉಳಿದೀತು. ಜೊತೆಗೆ ಬರುವ ಅಪ್ಪನ ಟಿಕೆಟ್, ಎರಡು ದಿನದ ಕೂಲಿ, ರಾತ್ರಿ ಉಳಿಯುವ ಜಾಗ ಉಳಿಯುವುದಿಲ್ಲ. ಅರ್ಜಿಯ ಶುಲ್ಕವೇ 2025ರಲ್ಲಿ ಮೂರು ವಿಷಯಗಳವರೆಗೆ ಸಾಮಾನ್ಯ ವರ್ಗಕ್ಕೆ 1000 ರೂಪಾಯಿ, ಪರಿಶಿಷ್ಟರಿಗೆ 800. ಆನ್‌ಲೈನ್ ಅರ್ಜಿ ತುಂಬಿಸಲು ಸೈಬರ್ ಅಂಗಡಿಯವನಿಗೆ ಬೇರೆ. ಇಷ್ಟೆಲ್ಲ ದಾಟಿ ಬಂದವಳು ಜೀವನದಲ್ಲಿ ಮೊದಲ ಬಾರಿ ಮೌಸ್ ಹಿಡಿಯುವುದು ಆ ಪರೀಕ್ಷಾ ಕೋಣೆಯಲ್ಲಿ.

ಇಂಥ ಪರೀಕ್ಷೆಗಳ ಮೂಲಪುರುಷ ಯಾರೆಂದು ತಿಳಿದಿರಬೇಕು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ 1923ರಲ್ಲಿ ಒಂದು ಪುಸ್ತಕ ಬರೆದ. ಉತ್ತರ ಯುರೋಪಿನ ಬಿಳಿಯರ ಬುದ್ಧಿ ಮೇಲು, ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರದು ಕೀಳು, ಕರಿಯರದು ಇನ್ನೂ ಕೀಳು ಎಂಬುದು ಅದರ ತಿರುಳು. ಮೂರು ವರ್ಷದ ಮೇಲೆ, 1926ರಲ್ಲಿ, ಅದೇ ಬ್ರಿಗಮ್‌ನ ಮುಂದಾಳತ್ವದಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಹುಟ್ಟಿತು. 1930ರಲ್ಲಿ ಅವನೇ ತನ್ನ ಪುಸ್ತಕದ ತೀರ್ಮಾನಗಳಿಗೆ ಆಧಾರವಿಲ್ಲವೆಂದು ಬರೆದು ಕೈಬಿಟ್ಟ. ಪರೀಕ್ಷೆ ಮಾತ್ರ ಉಳಿಯಿತು. ಇಂದಿಗೂ ಅಮೆರಿಕದ ಅತಿ ಶ್ರೀಮಂತ ಒಂದು ಪರ್ಸೆಂಟ್ ಮನೆಗಳ ಮಕ್ಕಳು 1600ಕ್ಕೆ 1300ರ ಮೇಲೆ ಅಂಕ ತೆಗೆಯುವ ಸಾಧ್ಯತೆ ಬಡ ಮನೆಯ ಮಕ್ಕಳಿಗಿಂತ ಹದಿಮೂರು ಪಟ್ಟು ಹೆಚ್ಚು ಎಂದು ಅಲ್ಲಿನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಲೆಕ್ಕ ತೋರಿಸಿದರು.

ಬ್ರಿಗಮ್‌ನ ಪುಸ್ತಕಕ್ಕೆ ಐದು ವರ್ಷ ಮೊದಲು ಮೈಸೂರಿನಲ್ಲೂ ಯಾರು ಯೋಗ್ಯರು ಎಂಬ ವಾದ ನಡೆದಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಪ್ರಶ್ನೆ ಅದರ ಮುಂದಿತ್ತು. ದಕ್ಷತೆ ಕೆಡುತ್ತದೆ ಎಂದು ವಿರೋಧಿಸಿದ ದಿವಾನ ವಿಶ್ವೇಶ್ವರಯ್ಯನವರು ಅದೇ ವರ್ಷ ಹುದ್ದೆ ಬಿಟ್ಟರು. ಮಹಾರಾಜರು ಹಿಂದೆ ಸರಿಯಲಿಲ್ಲ. ನೂರು ವರ್ಷ ಹಿಂದೆಯೇ ಒಬ್ಬ ಅರಸನಿಗೆ ಅರ್ಥವಾದದ್ದು ಇಂದಿನ ಪ್ರಜಾಪ್ರಭುತ್ವದ ಮಂತ್ರಿಗಳಿಗೆ ಅರ್ಥವಾಗುತ್ತಿಲ್ಲ: ಓಟದ ಪಂದ್ಯ ಇಡುವ ಮೊದಲು ಕಾಲಿಗೆ ಕಟ್ಟಿದ ಸರಪಳಿ ಬಿಚ್ಚಬೇಕು.

ಅದೇ ಅಮೆರಿಕದ ಎಸ್‌ಎಟಿ 2024ರ ಮಾರ್ಚ್‌ನಿಂದ ಪೂರ್ತಿ ಡಿಜಿಟಲ್ ಆಗಿದೆ. ಅದರ ಅನ್ಯಾಯಗಳು ಹಾಗೇ ಇವೆ, ಅವನ್ನು ನಾನು ಮರೆಮಾಡುವುದಿಲ್ಲ. ಆದರೂ ಲ್ಯಾಪ್‌ಟಾಪ್ ಇಲ್ಲದ ಮಗು ಮುಂಚಿತವಾಗಿ ಕೇಳಿದರೆ ಪರೀಕ್ಷೆಯ ದಿನಕ್ಕೆ ಯಂತ್ರವನ್ನು ಪರೀಕ್ಷೆ ನಡೆಸುವವರೇ ಎರವಲು ಕೊಡುತ್ತಾರೆ. ನಿಜವಾದ ಪರೀಕ್ಷೆಗೆ ಬಳಸುವ ಅದೇ ಆಪ್‌ನಲ್ಲಿ ಪೂರ್ಣ ಅಭ್ಯಾಸ ಪರೀಕ್ಷೆಗಳು ಪುಕ್ಕಟೆ. ನಡುವೆ ಇಂಟರ್ನೆಟ್ ಹೋದರೂ ಪರೀಕ್ಷೆ ನಿಲ್ಲುವುದಿಲ್ಲ. ಅನೇಕ ರಾಜ್ಯಗಳಲ್ಲಿ ಮಕ್ಕಳು ತಮ್ಮದೇ ಶಾಲೆಯಲ್ಲಿ, ಶಾಲೆಯ ದಿನದಲ್ಲೇ, ತಾವು ದಿನಾ ಕೂರುವ ಕೋಣೆಯಲ್ಲಿ ಅದನ್ನು ಬರೆಯುತ್ತಾರೆ. ದುಡ್ಡಿನ ದೇಶವೆಂದು ತಳ್ಳಿಹಾಕಬೇಡಿ. ಪರೀಕ್ಷೆಯನ್ನು ಮಗುವಿದ್ದಲ್ಲಿಗೆ ಒಯ್ಯುವುದು ದುಡ್ಡಿಗಿಂತ ಹೆಚ್ಚಾಗಿ ಮನಸ್ಸಿನ ಮಾತು. ನಮ್ಮಲ್ಲೇ ಪರೀಕ್ಷಾ ಸುಧಾರಣೆಗೆಂದು 2024ರಲ್ಲಿ ನೇಮಕವಾದ ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ದೂರದ ಊರುಗಳಿಗೆ ಸಂಚಾರಿ ಪರೀಕ್ಷಾ ಕೇಂದ್ರ ಕಳಿಸಿ ಎಂದಿದೆ. ಮತ ಹಾಕಿಸಿಕೊಳ್ಳಲು ಕಾಡಿನೊಳಗಿನ ಹಾಡಿಗೂ ಯಂತ್ರ ಹೊತ್ತು ಹೋಗುವ ದೇಶ ಇದು.

ತಮಿಳುನಾಡು ವಿಧಾನಸಭೆ 2022ರ ಏಪ್ರಿಲ್‌ನಲ್ಲೇ ಸಿಯುಇಟಿ ಬೇಡವೆಂದು ನಿರ್ಣಯ ಮಾಡಿತು. ಕರ್ನಾಟಕ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಮಾಡಿತು, ಸಂತೋಷ. ಆದರೆ ನೀಟ್ ವಿರುದ್ಧ ಗಂಟಲು ಏರಿಸಿದವರಿಗೆ ಕಲಾ ವಿಭಾಗದ ಮಗುವಿನ ಸಿಯುಇಟಿ ಕಾಣಲಿಲ್ಲ. ಡಾಕ್ಟರ್ ಆಗಬೇಕಾದವರಿಗೆ ಅಪ್ಪ ಅಮ್ಮ ಇದ್ದಾರೆ, ಪತ್ರಿಕೆಗಳಿವೆ, ಟಿವಿ ಇದೆ. ಬಿ.ಎ. ಓದಬೇಕಾದವಳಿಗೆ ಯಾರೂ ಇಲ್ಲ.

ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತೇನೆ. ಪಿಯುಸಿ ಅಂಕಕ್ಕೆ ಸಿಯುಇಟಿಯ ಜೊತೆ ಪಾಲು ಕೊಡಿ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಎರಡನ್ನೂ ಅರ್ಧರ್ಧ ಹಿಡಿಯುವಾಗ ದೆಹಲಿಗೆ ಯಾಕಾಗದು? ಕನ್ನಡ ಪ್ರಶ್ನೆ ತಪ್ಪಾಗಿದ್ದರೆ ಕನ್ನಡದಲ್ಲಿ ಬರೆದವರಿಗೆ ಪೂರ್ಣ ಅಂಕ ಕೊಡಿ. ಕಾಸರಗೋಡು, ಸೊಲ್ಲಾಪುರ, ಸಾಂಗಲಿಯ ಕೇಂದ್ರಗಳಲ್ಲಿ ಕನ್ನಡ ಕೊಡಿ. ಎನ್‌ಸಿಇಆರ್‌ಟಿ ಪುಸ್ತಕಗಳು ಕನ್ನಡಕ್ಕೆ ಬರಲಿ. ಅಭ್ಯಾಸ ಕೇಂದ್ರಗಳು ಪ್ರತಿ ತಾಲ್ಲೂಕಿನಲ್ಲಿ ತೆರೆಯಲಿ. ಇವು ಆಗಲು ಹೋರಾಟ ಬೇಕು, ಕಾಲ ಬೇಕು. ಆದರೆ ಒಂದು ಕೆಲಸಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಸರ್ಕಾರಿ ಪಿಯು ಕಾಲೇಜಿನಲ್ಲಿ ಇರುವ ಕಂಪ್ಯೂಟರುಗಳನ್ನು ಎಲ್ಲ ವಿಭಾಗದ ಮಕ್ಕಳಿಗೂ ತೆರೆಯುವುದು, ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ತಾಸು ಬರೆದಿಡುವುದು ಬೆಂಗಳೂರಿನ ಒಂದು ಸುತ್ತೋಲೆಯ ಮಾತು. ಅದೂ ಬಾರದಿದ್ದರೆ ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರು ನಿಮ್ಮ ಶಾಸಕರೇ. ಅವರನ್ನು ಕೇಳಿ.

ಕೇಳಿದರೆ ಉತ್ತರ ಕೊಡದವರಿಗೆ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಓದು ಬರಹ ಬಲ್ಲ ಹಳೆಯ ವಿದ್ಯಾರ್ಥಿಗಳು, ದಲಿತ ಸಂಘಟನೆಯ ಗೆಳೆಯರು, ರೈತ ಸಂಘದವರು ತಮ್ಮ ತಮ್ಮ ತಾಲ್ಲೂಕಿನ ಕಾಲೇಜಿಗೆ ಇದೇ ವಾರ ಅರ್ಜಿ ಹಾಕಿ. ಹೀಗೆ ಬರೆಯಿರಿ: ಕಾಲೇಜಿನಲ್ಲಿ ಎಷ್ಟು ಕಂಪ್ಯೂಟರುಗಳಿವೆ, ಅವುಗಳಲ್ಲಿ ಇಂದು ಎಷ್ಟು ನಡೆಯುತ್ತವೆ? ಕಳೆದ ಒಂದು ವರ್ಷದಲ್ಲಿ ಲ್ಯಾಬ್ ಎಷ್ಟು ದಿನ ತೆರೆದಿತ್ತು, ದಾಖಲೆ ಪುಸ್ತಕದ ನಕಲು ಕೊಡಿ. ಕಲಾ ಮತ್ತು ವಾಣಿಜ್ಯ ವಿಭಾಗದ ಎಷ್ಟು ವಿದ್ಯಾರ್ಥಿಗಳು ಅದನ್ನು ಬಳಸಿದ್ದಾರೆ? ಕಂಪ್ಯೂಟರ್ ಬೋಧಕರ ಹುದ್ದೆ ಇದೆಯೇ, ಇದ್ದರೆ ಎಂದಿನಿಂದ ಖಾಲಿ? ಯುಪಿಎಸ್ ಬ್ಯಾಟರಿಗೆಂದು ಇಲಾಖೆಗೆ ಬರೆದ ಪತ್ರದ ದಿನಾಂಕ ಯಾವುದು, ಅದನ್ನು ಪಡೆದ ಅಧಿಕಾರಿಯ ಹುದ್ದೆ ಯಾವುದು? ಲ್ಯಾಬಿನ ಕೀಲಿ ಯಾರ ಬಳಿ ಇದೆ?